ಅಮ್ಮನ ಮೂಳೆಗೆ ವಾರದ ಮಾತ್ರೆಯೋ, ವರ್ಷದ ಡ್ರಿಪ್ಪೋ, ಆರು ತಿಂಗಳ ಇಂಜೆಕ್ಷನ್ನೋ?

‘ಮೂಳೆ ಸವೆದಿದೆ’ ಅನ್ನುವ ಒಂದೇ ಮಾತನ್ನು ನಮ್ಮಲ್ಲಿ ಎರಡು ಬೇರೆ ಕಾಯಿಲೆಗಳಿಗೆ ಬಳಸುತ್ತಾರೆ. ಮಂಡಿ ನೋವೆಂದು ಹೋದವರಿಗೆ ಎಕ್ಸ್‌ರೇ ನೋಡಿ ಹೇಳುವುದು ಕೀಲು ಸವೆತ. ಅಲ್ಲಿ ಸವೆದಿರುವುದು ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ನೋಡಿ ಹೇಳುವುದು ಆಸ್ಟಿಯೋಪೊರೋಸಿಸ್. ಅಲ್ಲಿ ಮೂಳೆಯೇ ಒಳಗೊಳಗೆ ಟೊಳ್ಳಾಗಿರುತ್ತದೆ. ಮೊದಲನೆಯದು ದಿನವೂ ನೋಯುತ್ತದೆ, ಎರಡನೆಯದು ಮುರಿಯುವ ತನಕ ಸದ್ದು ಮಾಡುವುದಿಲ್ಲ. ಇಲ್ಲಿ ಹೋಲಿಸಿರುವ ನಾಲ್ಕು ಔಷಧಗಳು ಎರಡನೆಯದಕ್ಕೆ ಮಾತ್ರ. ಮಂಡಿ ನೋವು ಹೋಗಲೆಂದು ಇವನ್ನು ಶುರುಮಾಡಿ, ‘ಏನೂ ಗುಣ ಕಾಣಲಿಲ್ಲ’ ಎಂದು ಮೂರು ತಿಂಗಳಿಗೆ ಬಿಟ್ಟವರು ಬಹಳ ಜನ.

ಡಾಕ್ಟರು ಮೂರ್ನಾಲ್ಕು ಔಷಧಗಳ ಹೆಸರು ಹೇಳಿ ‘ಯಾವುದು ಬೇಕು ಯೋಚಿಸಿ’ ಎಂದಾಗ ಮನೆಯವರು ಕೇಳುವ ಮೊದಲ ಪ್ರಶ್ನೆ: ‘ಯಾವುದು ಸ್ಟ್ರಾಂಗ್?’ ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಮೂಳೆಯಲ್ಲಿ ಕೆಟ್ಟಿರುವ ಕೆಲಸ ಯಾವುದು? ಈ ಔಷಧದ ವೇಳಾಪಟ್ಟಿಯನ್ನು ನಮ್ಮ ಮನೆ ನಡೆಸಬಲ್ಲದೇ? ಮುಂದೊಂದು ದಿನ ಇದನ್ನು ಬಿಡುವುದು ಹೇಗೆ?

ಒಳಗೆ ಏನಾಗುತ್ತಿದೆ

ಮೂಳೆ ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ವಯಸ್ಕರ ಅಸ್ಥಿಪಂಜರದ ಸುಮಾರು ಶೇ 10ರಷ್ಟು ಭಾಗ ಪ್ರತಿ ವರ್ಷ ಒಡೆದು ಮತ್ತೆ ಕಟ್ಟಿಕೊಳ್ಳುತ್ತದೆ. ಒಡೆಯುವ ಕೆಲಸ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳದು. ಇವು ಆಮ್ಲ ಮತ್ತು ಕಿಣ್ವ ಸುರಿದು ಹಳೆಯ ಮೂಳೆಯನ್ನು ಕರಗಿಸಿ ಸಣ್ಣ ಗುಂಡಿ ತೋಡುತ್ತವೆ. ಒಂದು ಗುಂಡಿಗೆ ಸುಮಾರು ಮೂರು ವಾರ ಸಾಕು. ಹಿಂದೆಯೇ ಬರುವ ಆಸ್ಟಿಯೋಬ್ಲಾಸ್ಟ್‌ಗಳು ಅದೇ ಗುಂಡಿಯಲ್ಲಿ ಕೊಲಾಜೆನ್ ನಾರು ಹಾಸಿ, ಅದರ ಮೇಲೆ ಕ್ಯಾಲ್ಸಿಯಂ-ಫಾಸ್ಫೇಟ್ ಹರಳು ಕೂರಿಸಲು ಮೂರ್ನಾಲ್ಕು ತಿಂಗಳು ತೆಗೆದುಕೊಳ್ಳುತ್ತವೆ. ಮನೆ ರಿಪೇರಿ ಮಾಡಿಸಿದವರಿಗೆ ಈ ಲೆಕ್ಕ ಗೊತ್ತು: ಒಡೆಯುವವನು ಒಂದು ಬೆಳಿಗ್ಗೆಯಲ್ಲಿ ಮುಗಿಸಿ ಹೋಗುತ್ತಾನೆ, ಗಾರೆಯವನು ವಾರಗಟ್ಟಲೆ ಬರುತ್ತಿರುತ್ತಾನೆ. ಹಾಗಾಗಿ ಒಟ್ಟಿಗೆ ತೋಡುವ ಗುಂಡಿಗಳು ಹೆಚ್ಚಾದರೆ, ಪ್ರತಿಯೊಂದೂ ಕೊನೆಗೆ ಪೂರ್ತಿ ತುಂಬಿದರೂ ಸಹ, ಯಾವ ದಿನ ನೋಡಿದರೂ ತೆರೆದ ಗುಂಡಿಗಳೇ ಜಾಸ್ತಿ ಇರುತ್ತವೆ.

ಮೂರನೆಯ ಬಗೆಯ ಕೋಶಗಳ ಹೆಸರನ್ನು ಹೊರಗಿನವರು ಕೇಳಿರುವುದೇ ಕಡಿಮೆ, ಆದರೆ ಯಜಮಾನಿಕೆ ಅವುಗಳದೇ. ಮೂಳೆಯ ಜೀವಕೋಶಗಳಲ್ಲಿ ಶೇ 90ಕ್ಕೂ ಹೆಚ್ಚು ಆಸ್ಟಿಯೋಸೈಟ್‌ಗಳು. ಗಟ್ಟಿ ಮೂಳೆಯ ಒಳಗೆ ಪುಟ್ಟ ಗೂಡುಗಳಲ್ಲಿ ಕೂತು, ಕೂದಲಿಗಿಂತ ಸಣ್ಣ ಕಾಲುವೆಗಳಲ್ಲಿ ಕೈ ಚಾಚಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ನಡೆದಾಗ, ಮೆಟ್ಟಿಲು ಹತ್ತಿದಾಗ ಬೀಳುವ ಭಾರ ಅವಕ್ಕೆ ತಿಳಿಯುತ್ತದೆ. ಎಲ್ಲಾದರೂ ಸಣ್ಣ ಬಿರುಕು ಬಿಟ್ಟರೆ ‘ರ‍್ಯಾಂಕ್-ಎಲ್’ ಎಂಬ ಪ್ರೋಟೀನ್ ಬಿಟ್ಟು ಒಡೆಯುವವರನ್ನು ಕರೆಸುತ್ತವೆ. ಕಟ್ಟುವುದು ಸಾಕೆನಿಸಿದರೆ ಸ್ಕ್ಲಿರೋಸ್ಟಿನ್ ಬಿಟ್ಟು ಕಟ್ಟುವವರನ್ನು ನಿಲ್ಲಿಸುತ್ತವೆ. ಈ ಎರಡು ಹೆಸರು ನೆನಪಿರಲಿ. ಈ ಕಾಲದ ಎರಡು ದೊಡ್ಡ ಔಷಧಗಳು ಇವನ್ನೇ ಹಿಡಿದು ನಿಲ್ಲಿಸುತ್ತವೆ.

ವಯಸ್ಸಾದಂತೆ ಮೂರೂ ಕಡೆ ತಾಳ ತಪ್ಪುತ್ತದೆ. ಮೂಳೆ ಕಟ್ಟುವ ಕೋಶಗಳಾಗಬೇಕಿದ್ದ ಮಜ್ಜೆಯ ಕಾಂಡಕೋಶಗಳು ಕೊಬ್ಬಿನ ಕೋಶಗಳಾಗಿ ತಿರುಗತೊಡಗುತ್ತವೆ. ಮುಪ್ಪಾದ ಜೀವಕೋಶಗಳು ಸಾಯದೆ ಕೂತು, ಸುತ್ತ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತಿರುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತು ಈಸ್ಟ್ರೊಜೆನ್ ಇಳಿದಾಗ ಒಡೆಯುವ ಕೋಶಗಳ ಆಯಸ್ಸು ಹೆಚ್ಚುತ್ತದೆ, ಕಟ್ಟುವವುಗಳ ಆಯಸ್ಸು ಕುಗ್ಗುತ್ತದೆ. ಮುಟ್ಟು ನಿಂತ ಮೊದಲ 5ರಿಂದ 7 ವರ್ಷಗಳಲ್ಲಿ ಕೆಲವರ ಮೂಳೆಯ ಶೇ 20ರವರೆಗೂ ಹೋಗಿಬಿಡುತ್ತದೆ. ಗಂಡಸರಲ್ಲಿ ಈ ದಿಢೀರ್ ಕುಸಿತ ಇಲ್ಲ. ಆದರೆ ಅವರ ಮೂಳೆಗೂ ಬೇಕಾದದ್ದು ಟೆಸ್ಟೊಸ್ಟೆರಾನ್‌ನಿಂದ ತಯಾರಾಗುವ ಈಸ್ಟ್ರೊಜೆನ್ನೇ, ಅದೂ ನಿಧಾನಕ್ಕೆ ಇಳಿಯುತ್ತದೆ. ಆಸ್ಟಿಯೋಸೈಟ್‌ಗಳು ಸತ್ತ ಗೂಡುಗಳು ಖನಿಜದಿಂದ ಮುಚ್ಚಿಹೋಗುತ್ತವೆ. ಆ ಜಾಗದಲ್ಲಿ ಬಿರುಕು ಬಿಟ್ಟರೆ ಸುದ್ದಿ ಮುಟ್ಟಿಸುವವರಿಲ್ಲ, ರಿಪೇರಿಯೂ ಇಲ್ಲ.

ಇನ್ನು ಕೊಲಾಜೆನ್. ಮೂಳೆಯ ಗಡಸು ಖನಿಜದ್ದಾದರೆ ಮುರಿಯದೆ ಬಾಗುವ ಗುಣ ಕೊಲಾಜೆನ್‌ನದು. ರಕ್ತದ ಸಕ್ಕರೆ ವರ್ಷಾನುಗಟ್ಟಲೆ ಆ ನಾರುಗಳಿಗೆ ಅಂಟಿ, ಬೇಡದ ಕಡೆ ಬೆಸುಗೆ ಹಾಕುತ್ತದೆ. ಹಸಿ ಬಿದಿರು ಬಾಗುತ್ತದೆ, ಒಣಗಿದ್ದು ಸೀಳುತ್ತದೆ. ಎಪ್ಪತ್ತರ ಮೂಳೆ ಎರಡನೆಯದರಂತೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಬೇಗ ಆಗುತ್ತದೆ.

ಎಲ್ಲಿ ಮೊದಲು ಮುರಿಯುತ್ತದೆ ಎಂಬುದಕ್ಕೂ ಇಲ್ಲಿಯೇ ಉತ್ತರವಿದೆ. ಬೆನ್ನುಮೂಳೆ ಮತ್ತು ಮಣಿಕಟ್ಟಿನ ಒಳಗೆ ಜೇನುಗೂಡಿನಂಥ ಹಂದರ. ಅದರ ಮೇಲ್ಮೈ ಹೆಚ್ಚು, ಒಡೆಯುವ ಕೋಶಗಳಿಗೆ ಜಾಗವೂ ಹೆಚ್ಚು. ಆದ್ದರಿಂದ ಐವತ್ತರ ಆಸುಪಾಸಿನಲ್ಲಿ ಮಣಿಕಟ್ಟು, ಅರವತ್ತರಲ್ಲಿ ಬೆನ್ನುಮೂಳೆ. ಎಪ್ಪತ್ತರ ನಂತರ ಹೊರಗಿನ ಗಟ್ಟಿ ಚಿಪ್ಪಿನಲ್ಲೂ ತೂತುಗಳು ದೊಡ್ಡದಾಗಿ ಸೊಂಟದ ಬಳಿ ತೊಡೆಮೂಳೆಯ ಕತ್ತು ಮುರಿಯುತ್ತದೆ. ಹಂದರದ ಒಂದು ಕಡ್ಡಿ ಪೂರ್ತಿ ತುಂಡಾದರೆ ಮತ್ತೆ ಕೂಡುವುದು ಕಷ್ಟ. ಉಳಿದ ಕಡ್ಡಿಗಳನ್ನು ದಪ್ಪ ಮಾಡಿಕೊಳ್ಳಬಹುದು, ಅಷ್ಟೇ. ಚಿಕಿತ್ಸೆ ತಡವಾದಷ್ಟೂ ಗಿಟ್ಟುವುದು ಕಡಿಮೆ ಅನ್ನುವುದು ಇದಕ್ಕೇ.

ಸಾಂದ್ರತೆ ಒಂದೇ ಗುಣಮಟ್ಟವಲ್ಲ

ಡೆಕ್ಸಾ ಅಳೆಯುವುದು ಖನಿಜವನ್ನು ಮಾತ್ರ. ಖನಿಜ ಹೆಚ್ಚಿದ್ದೂ ಮೂಳೆ ಕೆಟ್ಟಿರಬಹುದು ಎಂಬುದಕ್ಕೆ ಕರ್ನಾಟಕದವರಿಗೆ ದೂರ ಹೋಗಬೇಕಿಲ್ಲ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಮೂಳೆ ಸೇರಿ ಅದನ್ನು ದಟ್ಟವಾಗಿ, ಬಿರುಸಾಗಿ ಮಾಡುತ್ತದೆ. ಸ್ಕ್ಯಾನ್‌ನಲ್ಲಿ ಅಂಕಿ ಚೆನ್ನಾಗಿ ಕಾಣುತ್ತದೆ, ಬೆನ್ನು ಬಾಗುವುದಿಲ್ಲ. ಇದೇ ಫ್ಲೋರೈಡನ್ನು ಔಷಧವಾಗಿ ಕೊಟ್ಟು ನೋಡಿದ್ದೂ ಉಂಟು. 1990ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಬೆನ್ನುಮೂಳೆಯ ಸಾಂದ್ರತೆ ನಾಲ್ಕು ವರ್ಷದಲ್ಲಿ ಶೇ 35ರಷ್ಟು ಏರಿತು. ಆದರೂ ಬೆನ್ನುಮೂಳೆ ಮುರಿತ ಕಡಿಮೆಯಾಗಲಿಲ್ಲ, ಬೇರೆ ಮೂಳೆಗಳ ಮುರಿತ ಹೆಚ್ಚಿತು. ಫ್ಲೋರೈಡ್ ನೀರಿನ ಊರುಗಳವರು ‘ನಿಮ್ಮ ಮೂಳೆ ಭೇಷಾಗಿದೆ’ ಎಂಬ ರಿಪೋರ್ಟ್ ನಂಬುವ ಮೊದಲು ಈ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು.

ಎರಡನೇ ಬಗೆಯ ಸಕ್ಕರೆ ಕಾಯಿಲೆಯಲ್ಲೂ ಹೀಗೆಯೇ. ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಡೆಕ್ಸಾ ಕೊಡುವ ಅಂಕ) ಸರಿಯಿದ್ದರೂ ಮುರಿತ ಹೆಚ್ಚು. ಪ್ರೆಡ್ನಿಸೊಲೋನ್‌ನಂಥ ಸ್ಟೆರಾಯ್ಡ್ ನುಂಗುವವರಲ್ಲಿ ಸಾಂದ್ರತೆ ಇಳಿಯುವ ಮೊದಲೇ ಅಪಾಯ ಶುರುವಾಗಿರುತ್ತದೆ. ಇಂಥವರಿಗೆ ಡೆಕ್ಸಾ ಜೊತೆ ಟಿಬಿಎಸ್ ಎಂಬ ಹೆಚ್ಚುವರಿ ಅಂಕ ಸಿಗುವ ಕಡೆ ಸ್ಕ್ಯಾನ್ ಮಾಡಿಸಿದರೆ ಒಳಗಿನ ಹಂದರದ ಸ್ಥಿತಿಯ ಸುಳಿವೂ ಸಿಗುತ್ತದೆ.

ರಿಪೋರ್ಟ್ ಓದುವಾಗ ಎಡವುವ ಜಾಗ ಇದು. ಒಂದು ಹಾಳೆಯಲ್ಲಿ ‘ಎಲ್1–ಎಲ್4: −1.4’ (ಕೆಳಬೆನ್ನಿನ ಮೂಳೆಗಳ ಟಿ-ಸ್ಕೋರ್) ಎಂದೂ, ಅದರ ಕೆಳಗೆ ‘ಫೀಮರ್ ನೆಕ್: −2.7’ (ತೊಡೆಮೂಳೆಯ ಕತ್ತಿನದು) ಎಂದೂ ಇದೆ ಅನ್ನೋಣ. ಸರಾಸರಿ ತೆಗೆಯಬೇಡಿ, ಕಡಿಮೆ ಇರುವುದನ್ನೇ ಹಿಡಿಯಬೇಕು. ಅಂದರೆ −2.7, ಅಂದರೆ ಆಸ್ಟಿಯೋಪೊರೋಸಿಸ್. (−1ರವರೆಗೆ ಸರಿ, −1ರಿಂದ −2.5ರ ನಡುವೆ ಆಸ್ಟಿಯೋಪೀನಿಯ, −2.5 ಮತ್ತು ಕೆಳಗೆ ಆಸ್ಟಿಯೋಪೊರೋಸಿಸ್ ಎಂಬುದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ.) ಬೆನ್ನಿನ ಅಂಕಿ ಚೆನ್ನಾಗಿರುವುದು ಎಷ್ಟೋ ಸಲ ಸುಳ್ಳು: ವಯಸ್ಸಾದವರ ಬೆನ್ನುಮೂಳೆಯ ಅಂಚಿನಲ್ಲಿ ಬೆಳೆದ ಮೊನಚುಗಳು, ಕುಸಿದು ಚಪ್ಪಟೆಯಾದ ಮೂಳೆ ಎಲ್ಲವೂ ‘ಸಾಂದ್ರತೆ’ಯ ಲೆಕ್ಕಕ್ಕೆ ಸೇರಿಬಿಡುತ್ತವೆ. ಸ್ಕ್ಯಾನ್ ದಿನ ಕ್ಯಾಲ್ಸಿಯಂ ಮಾತ್ರೆ ನುಂಗಬಾರದು. ಮರುಸ್ಕ್ಯಾನ್ ಅದೇ ಯಂತ್ರದಲ್ಲಿ, ಒಂದೆರಡು ವರ್ಷ ಬಿಟ್ಟು. ಶೇ 3ಕ್ಕಿಂತ ಕಡಿಮೆ ಏರಿಳಿತವನ್ನು ಯಂತ್ರದ ಲೋಪವೆಂದೇ ಎಣಿಸಿ. ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ಮಾಡುವ ಅಲ್ಟ್ರಾಸೌಂಡ್ ಯಾರಿಗೆ ಡೆಕ್ಸಾ ಬೇಕು ಎಂದು ಹೇಳಬಲ್ಲದು. ಅದೊಂದನ್ನೇ ನಂಬಿ ಔಷಧ ಶುರುಮಾಡುವುದು, ಬಿಡುವುದು ಎರಡೂ ತಪ್ಪು.

ಯಂತ್ರವಿಲ್ಲದೆಯೂ ತಿಳಿಯುವ ಒಂದು ಗುರುತಿದೆ. ಹಳೆಯ ಲಂಗ ಈಚೆಗೆ ನೆಲಕ್ಕೆ ತಾಗುತ್ತಿದೆ, ಅಟ್ಟದ ಡಬ್ಬ ಕೈಗೆಟುಕುತ್ತಿಲ್ಲ ಎಂದರೆ ಎತ್ತರ ಅಳೆಯಿರಿ. ಯೌವನಕ್ಕಿಂತ 4 ಸೆಂ.ಮೀ. ಕುಗ್ಗಿದ್ದರೆ ಬೆನ್ನಿನ ಎಕ್ಸ್‌ರೇ ಆಗಬೇಕು. ಬೆನ್ನುಮೂಳೆ ಕುಸಿತಗಳಲ್ಲಿ ಹೆಚ್ಚಿನವು ‘ಸೊಂಟ ಹಿಡಿದಿದೆ’ ಎನ್ನುವುದರಲ್ಲೇ ಮುಗಿದುಹೋಗಿ ಲೆಕ್ಕಕ್ಕೇ ಬರುವುದಿಲ್ಲ. ನಿಂತ ಎತ್ತರದಿಂದ ಬಿದ್ದು ಬೆನ್ನು ಅಥವಾ ಸೊಂಟ ಮುರಿದಿದ್ದರೆ ಟಿ-ಸ್ಕೋರ್ ಏನೇ ಇರಲಿ, ಅದು ಆಸ್ಟಿಯೋಪೊರೋಸಿಸ್ಸೇ.

ಆರಿಸುವ ಮೊದಲು ರಕ್ತ ಪರೀಕ್ಷೆ

ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್ (ಕಿಡ್ನಿಗೆ), ವಿಟಮಿನ್ ಡಿ, ಟಿಎಸ್‌ಎಚ್ (ಥೈರಾಯ್ಡ್‌ಗೆ), ಸಿಬಿಸಿ (ರಕ್ತಕಣಗಳಿಗೆ). ಇಷ್ಟಿಲ್ಲದೆ ಯಾವ ಔಷಧವನ್ನೂ ಶುರುಮಾಡಬಾರದು. ಏಕೆಂದರೆ ವಿಟಮಿನ್ ಡಿ ತೀರಾ ಇಲ್ಲದಿದ್ದರೆ ಕಟ್ಟುವ ಕೋಶಗಳು ಹಾಸಿದ ಕೊಲಾಜೆನ್ ಮೇಲೆ ಖನಿಜ ಕೂರುವುದಿಲ್ಲ. ಮೂಳೆ ಮೆತ್ತಗಾಗುತ್ತದೆ. ಡೆಕ್ಸಾದಲ್ಲಿ ಅದೂ ‘ಕಡಿಮೆ ಸಾಂದ್ರತೆ’ ಎಂದೇ ಕಾಣುತ್ತದೆ. ಆದರೆ ಆಲ್ಕಲೈನ್ ಫಾಸ್ಫಟೇಸ್ ಏರಿರುತ್ತದೆ, ಮೈಯ ಮೂಳೆಯೆಲ್ಲ ನೋಯುತ್ತಿರುತ್ತದೆ, ಮೆಟ್ಟಿಲು ಹತ್ತಲು ತೊಡೆಯಲ್ಲಿ ಬಲವಿರುವುದಿಲ್ಲ. ಇಂಥವರಿಗೆ ಒಡೆಯುವುದನ್ನು ತಡೆಯುವ ಡ್ರಿಪ್ ಏರಿಸಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಬಾಯಿ ಸುತ್ತ ಜುಮುಗುಟ್ಟಿ, ಬೆರಳು ಸೆಟೆದುಕೊಳ್ಳುತ್ತವೆ.

ಹಲ್ಲು ಕೀಳಿಸುವುದು, ಇಂಪ್ಲಾಂಟ್ ಹಾಕಿಸುವುದು ಇದ್ದರೆ ಅದನ್ನೂ ಮೊದಲೇ ಮುಗಿಸಿಕೊಳ್ಳಿ. ಒಡೆಯುವ ಕೋಶಗಳನ್ನು ಕಟ್ಟಿಹಾಕಿದ ಮೇಲೆ ಹಲ್ಲು ಕಿತ್ತ ಕುಳಿ ಮಾಯದೆ ದವಡೆ ಮೂಳೆ ಕೊಳೆಯುವ ಸಂಭವ ಇದೆ. ಆಸ್ಟಿಯೋಪೊರೋಸಿಸ್ ಪ್ರಮಾಣದ ಔಷಧದಲ್ಲಿ ಇದು ಬಹಳ ಅಪರೂಪ. ಆದರೂ ತಪ್ಪಿಸಲು ಇಷ್ಟು ಸುಲಭವಾಗಿರುವಾಗ ಯಾಕೆ ತಂದುಕೊಳ್ಳಬೇಕು?

ವಾರದ ಮಾತ್ರೆ

ಅಲೆಂಡ್ರೊನೇಟ್ 70 ಮಿ.ಗ್ರಾಂ., ಅಥವಾ ರೈಸೆಡ್ರೊನೇಟ್ 35 ಮಿ.ಗ್ರಾಂ., ವಾರಕ್ಕೊಂದು. ಇವು ಬಿಸ್‌ಫಾಸ್ಫೊನೇಟ್ ಗುಂಪಿನವು. ಮೂಳೆಯ ಖನಿಜಕ್ಕೆ ಅಂಟಿಕೊಂಡು ಕೂತು, ಆ ಮೂಳೆಯನ್ನು ತಿನ್ನಲು ಬಂದ ಆಸ್ಟಿಯೋಕ್ಲಾಸ್ಟನ್ನು ಸಾಯಿಸುತ್ತವೆ. ಎಲ್ಲಕ್ಕಿಂತ ಅಗ್ಗ, 1995ರಿಂದ ಬಳಕೆಯಲ್ಲಿರುವುದರಿಂದ ಗುಣದೋಷ ಎಲ್ಲ ಗೊತ್ತು.

ತೊಂದರೆ ನುಂಗುವುದರಲ್ಲಿ. ಸರಿಯಾಗಿ ನುಂಗಿದರೂ ಒಳಗೆ ಹೀರುವುದು ಶೇ 1ಕ್ಕಿಂತ ಕಡಿಮೆ. ಕಾಫಿ ಜೊತೆ ನುಂಗಿದರೆ ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಹೋಯಿತು, ಹಾಲಿನ ಜೊತೆ ನುಂಗಿದರೆ ಹೆಚ್ಚುಕಡಿಮೆ ಪೂರ್ತಿ ಹೋಯಿತು. ಕ್ರಮ ಹೀಗೆ: ಬೆಳಿಗ್ಗೆ ಎದ್ದ ಕೂಡಲೇ, ಬರೀ ಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ (200 ಮಿ.ಲೀ.) ನೀರಿನಲ್ಲಿ, ನೇರ ಕೂತು ಅಥವಾ ನಿಂತು. ಗಡಸಾದ ಬೋರ್‌ವೆಲ್ ನೀರು ಬೇಡ, ಅದರ ಕ್ಯಾಲ್ಸಿಯಂ ಕೂಡ ಅಡ್ಡಿ. ಫಿಲ್ಟರ್ ನೀರಾಗಲಿ. ನಂತರ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು, ಕುಡಿಯಬಾರದು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ. ‘ಎದೆಯುರಿ ಬಂತು, ಬಿಟ್ಟೆ’ ಎನ್ನುವವರಲ್ಲಿ ಎಷ್ಟೋ ಜನ ಎರಡು ಗುಟುಕು ನೀರಲ್ಲಿ ನುಂಗಿ ಮತ್ತೆ ಹಾಸಿಗೆಗೆ ಹೋದವರೇ. ಥೈರಾಯ್ಡ್ ಮಾತ್ರೆಯೂ ಇದ್ದರೆ ವಾರದ ಆ ಒಂದು ದಿನ ಎರಡನ್ನೂ ಒಟ್ಟಿಗೆ ನುಂಗಬೇಡಿ. ನಡುವೆ ಎಷ್ಟು ಅಂತರ ಎಂದು ಡಾಕ್ಟರ ಹತ್ತಿರ ಕೇಳಿಕೊಂಡೇ ಹೊಂದಿಸಿ. ವಾರ ಮರೆತರೆ ನೆನಪಾದ ಮಾರನೇ ಬೆಳಿಗ್ಗೆ ಒಂದೇ ಮಾತ್ರೆ. ಒಂದೇ ದಿನ ಎರಡು ಎಂದೂ ಇಲ್ಲ.

ಅನ್ನನಾಳದ ತೊಂದರೆ ಇರುವವರು, ಅರ್ಧ ಗಂಟೆ ನೆಟ್ಟಗೆ ಕೂರಲಾರದವರು, ಮರೆವಿನ ಕಾಯಿಲೆಯವರು ಇದನ್ನು ಬಿಟ್ಟು ಮುಂದೆ ನೋಡಬೇಕು.

ವರ್ಷದ ಡ್ರಿಪ್

ಜೊಲೆಡ್ರೊನಿಕ್ ಆಸಿಡ್ 5 ಮಿ.ಗ್ರಾಂ. ಗುಂಪು ಅದೇ, ದಾರಿ ಬೇರೆ: ರಕ್ತನಾಳದ ಮೂಲಕ, 15 ನಿಮಿಷಕ್ಕೆ ಕಡಿಮೆಯಿಲ್ಲದಂತೆ ನಿಧಾನಕ್ಕೆ. ಹೊಟ್ಟೆಯ ತಂಟೆಯಿಲ್ಲ, ಮರೆವಿನ ಭಯವಿಲ್ಲ. 2007ರ ದೊಡ್ಡ ಪ್ರಯೋಗದಲ್ಲಿ ಮೂರು ವರ್ಷದಲ್ಲಿ ಬೆನ್ನುಮೂಳೆ ಮುರಿತ ಶೇ 70, ಸೊಂಟದ ಮುರಿತ ಶೇ 41 ಇಳಿಯಿತು. ಸೊಂಟ ಮುರಿದು ಆಪರೇಷನ್ ಆದವರಿಗೆ 90 ದಿನದೊಳಗೆ ಇದನ್ನು ಕೊಟ್ಟ ಇನ್ನೊಂದು ಪ್ರಯೋಗದಲ್ಲಿ ಸಾವುಗಳೂ ಶೇ 28ರಷ್ಟು ಕಡಿಮೆಯಾದವು. ನಮ್ಮಲ್ಲಿ ಆಗುತ್ತಿರುವ ದೊಡ್ಡ ಲೋಪ ಇಲ್ಲಿಯೇ: ಸೊಂಟಕ್ಕೆ ರಾಡು, ಬಾಲು ಹಾಕಿ ಮನೆಗೆ ಕಳಿಸುತ್ತಾರೆ, ಮುರಿದ ಮೂಳೆಗೆ ಕಾರಣವಾದ ಕಾಯಿಲೆಗೆ ಏನನ್ನೂ ಬರೆಯುವುದಿಲ್ಲ. ಡಿಸ್ಚಾರ್ಜ್ ದಿನ ನೀವೇ ಕೇಳಿ.

ಮೊದಲ ಡ್ರಿಪ್ ಆದ ಮಾರನೇ ದಿನ ಸುಮಾರು ಮೂವರಲ್ಲಿ ಒಬ್ಬರಿಗೆ ಜ್ವರ, ಮೈಕೈ ನೋವು ಬರುತ್ತದೆ. ಮೂರು ದಿನದೊಳಗೆ ಇಳಿಯುತ್ತದೆ, ಪ್ಯಾರಾಸಿಟಮಾಲ್ ಸಾಕು. ಎರಡನೇ ವರ್ಷ ಇದು ಬಹಳ ಕಡಿಮೆ. ಡ್ರಿಪ್‌ಗೆ ಹೋಗುವ ಮೊದಲು ಎರಡು ಲೋಟ ನೀರು ಕುಡಿದಿರಬೇಕು. ಕಿಡ್ನಿಯ ಕ್ಲಿಯರೆನ್ಸ್ (ರಕ್ತ ಸೋಸುವ ವೇಗ) ನಿಮಿಷಕ್ಕೆ 35 ಮಿ.ಲೀ.ಗಿಂತ ಕಡಿಮೆ ಇದ್ದರೆ ಕೊಡುವಂತಿಲ್ಲ. ಕ್ರಿಯಾಟಿನಿನ್ 1.1 ಎಂದು ನೋಡಿ ಸಮಾಧಾನ ಪಡಬೇಡಿ. 42 ಕೆ.ಜಿ. ತೂಕದ 78 ವರ್ಷದ ಅಜ್ಜಿಗೆ 1.1 ಎಂದರೆ ಕ್ಲಿಯರೆನ್ಸ್ 28ರ ಆಸುಪಾಸು.

ಆರು ತಿಂಗಳ ಇಂಜೆಕ್ಷನ್

ಡೆನೊಸುಮ್ಯಾಬ್ 60 ಮಿ.ಗ್ರಾಂ., ಚರ್ಮದಡಿಗೆ. ಮೇಲೆ ಹೇಳಿದ ರ‍್ಯಾಂಕ್-ಎಲ್ ಪ್ರೋಟೀನನ್ನು ಹಿಡಿದುಹಾಕುತ್ತದೆ, ಒಡೆಯುವ ಕೋಶಗಳು ಹುಟ್ಟುವುದೇ ನಿಲ್ಲುತ್ತದೆ. 2009ರ ಪ್ರಯೋಗದಲ್ಲಿ ಬೆನ್ನಿನ ಮುರಿತ ಶೇ 68, ಸೊಂಟದ್ದು ಶೇ 40 ಕಡಿಮೆ. ಕಿಡ್ನಿ ಕುಗ್ಗಿದವರಿಗೂ ಕೊಡಬಹುದು. ಆದರೆ ಡಯಾಲಿಸಿಸ್‌ನಲ್ಲಿರುವವರಿಗೆ ಕ್ಯಾಲ್ಸಿಯಂ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ ಎಂದು 2024ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿದೆ.

ಕೊಡುವುದು ಸುಲಭ, ಸಾಂದ್ರತೆ ವರ್ಷವರ್ಷ ಏರುತ್ತದೆ, ಅಡ್ಡ ಪರಿಣಾಮ ಕಡಿಮೆ. ಹಾಗಾಗಿಯೇ ಇದನ್ನು ಹಿಂದೆಮುಂದೆ ನೋಡದೆ ಶುರುಮಾಡಿಬಿಡುತ್ತಾರೆ. ನಮ್ಮ ಮಟ್ಟಿಗೆ ನಾಲ್ಕರಲ್ಲಿ ಅತಿ ಹೆಚ್ಚು ಶಿಸ್ತು ಬೇಡುವುದು ಇದೇ. ಬಿಸ್‌ಫಾಸ್ಫೊನೇಟ್ ಮೂಳೆಯಲ್ಲೇ ಉಳಿದು ಬಿಟ್ಟ ಮೇಲೂ ಕೆಲಸ ಮಾಡುತ್ತದೆ. ಡೆನೊಸುಮ್ಯಾಬ್ ಒಂದಿಷ್ಟೂ ಉಳಿಯುವುದಿಲ್ಲ. ಆರು ತಿಂಗಳು ಕಳೆದ ಮೇಲೆ ತಡೆದಿಟ್ಟಿದ್ದ ಒಡೆಯುವ ಕೋಶಗಳು ಒಟ್ಟಿಗೆ ಎದ್ದು ನುಗ್ಗುತ್ತವೆ. ಗಳಿಸಿದ ಸಾಂದ್ರತೆಯೆಲ್ಲ ಒಂದೆರಡು ವರ್ಷದಲ್ಲಿ ಕರಗುತ್ತದೆ. ಕೆಲವರಲ್ಲಿ ಬೆನ್ನುಮೂಳೆಗಳು ಒಂದರ ಹಿಂದೆ ಒಂದರಂತೆ ಮೂರ್ನಾಲ್ಕು ಕುಸಿದದ್ದಿದೆ. ಕೊನೆಯ ಡೋಸ್‌ನಿಂದ ಏಳು ತಿಂಗಳು ದಾಟಲು ಬಿಡಲೇಬಾರದು.

ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳಲೋ ಅಮೆರಿಕಕ್ಕೆ ಹೋಗಿ ಆರು ತಿಂಗಳು ಇರುವ ಅಮ್ಮಂದಿರು ಎಡವುವುದು ಇಲ್ಲೇ. ಡೋಸ್ ದಿನ ವಿದೇಶದಲ್ಲಿ ಬರುತ್ತದೆ, ಪ್ರವಾಸಿ ವಿಮೆಯಲ್ಲಿ ಅದು ಬರುವುದಿಲ್ಲ, ‘ಬಂದಮೇಲೆ ತಗೊಂಡರಾಯ್ತು’ ಎಂದು ಎಂಟು ತಿಂಗಳಾಗುತ್ತದೆ. ಟಿಕೆಟ್ ಮಾಡಿಸುವ ಮೊದಲು ಇಂಜೆಕ್ಷನ್ ತಾರೀಕು ನೋಡಿ, ಹೊರಡುವ ವಾರಕ್ಕೇ ಡೋಸ್ ಬೀಳುವಂತೆ ಡಾಕ್ಟರ ಜೊತೆ ಹೊಂದಿಸಿಕೊಳ್ಳಿ. ಸಿರಿಂಜನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರಿನಲ್ಲಲ್ಲ. ಅಂಗಡಿಯಿಂದ ಕ್ಲಿನಿಕ್ಕಿಗೆ ಐಸ್ ಪ್ಯಾಕಿನಲ್ಲೇ ಒಯ್ಯಿರಿ.

ದಿನದ ಪೆನ್ನು

ಮೇಲಿನ ಮೂರೂ ಒಡೆಯುವುದನ್ನು ತಡೆಯುತ್ತವೆ. ಈ ನಾಲ್ಕರಲ್ಲಿ ಟೆರಿಪ್ಯಾರಟೈಡ್ ಒಂದೇ ಕಟ್ಟಿಸುವುದು. ಇದು ಪ್ಯಾರಾಥೈರಾಯ್ಡ್ ಹಾರ್ಮೋನಿನ ತುಣುಕು. ಈ ಹಾರ್ಮೋನು ರಕ್ತದಲ್ಲಿ ಇಡೀ ದಿನ ಏರಿಯೇ ಇದ್ದರೆ ಮೂಳೆ ಕರಗುತ್ತದೆ, ದಿನಕ್ಕೊಮ್ಮೆ ಏರಿ ಇಳಿದರೆ ಆಸ್ಟಿಯೋಬ್ಲಾಸ್ಟ್‌ಗಳು ಎಚ್ಚೆತ್ತು ಕಟ್ಟುತ್ತವೆ. ವಿಚಿತ್ರ, ಆದರೆ ನಿಜ. ದಿನಕ್ಕೆ 20 ಮೈಕ್ರೋಗ್ರಾಂ, ಪೆನ್ನಿನಂಥ ಸಿರಿಂಜಿನಿಂದ ತೊಡೆ ಅಥವಾ ಹೊಟ್ಟೆಯ ಚರ್ಮದಡಿಗೆ, ಸಾಮಾನ್ಯವಾಗಿ 24 ತಿಂಗಳ ತನಕ. ಪೆನ್ನು ಫ್ರಿಜ್ಜಿನಲ್ಲಿರಬೇಕು. ತೆರೆದ 28 ದಿನಕ್ಕೆ ಒಳಗೆ ಉಳಿದಿದ್ದರೂ ಎಸೆಯಬೇಕು. ದಿನಕ್ಕೆ ಆರೆಂಟು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಇದನ್ನು ಮೊದಲೇ ಯೋಚಿಸಬೇಕಾದ ಮಾತು. ಮೊದಲ ಕೆಲವು ಡೋಸ್‌ಗಳಲ್ಲಿ ಎದ್ದು ನಿಂತಾಗ ತಲೆ ಸುತ್ತಬಹುದು, ಕೂತೇ ಚುಚ್ಚಿಕೊಳ್ಳಿ. ಮೂಳೆಗೆ ರೇಡಿಯೇಷನ್ ಆದವರಿಗೆ, ಮೂಳೆಗೆ ಕ್ಯಾನ್ಸರ್ ಹರಡಿದವರಿಗೆ, ಕ್ಯಾಲ್ಸಿಯಂ ಮೊದಲೇ ಹೆಚ್ಚಿರುವವರಿಗೆ ಕೂಡದು. ಇಲಿಗಳಲ್ಲಿ ಕಂಡ ಮೂಳೆ ಕ್ಯಾನ್ಸರಿನಿಂದಾಗಿ ಹಾಕಿದ್ದ ದೊಡ್ಡ ಎಚ್ಚರಿಕೆಯನ್ನು ಮನುಷ್ಯರಲ್ಲಿ ಹಾಗೇನೂ ಕಾಣದ ಕಾರಣ 2020ರಲ್ಲಿ ತೆಗೆದರು.

ಯಾರಿಗೆ ಇದು? ಈಗಾಗಲೇ ಬೆನ್ನುಮೂಳೆ ಕುಸಿದವರಿಗೆ, ಟಿ-ಸ್ಕೋರ್ −3ಕ್ಕಿಂತ ಕೆಳಗಿರುವವರಿಗೆ, ಸ್ಟೆರಾಯ್ಡ್‌ನಿಂದ ಮೂಳೆ ಹೋದವರಿಗೆ. 2018ರಲ್ಲಿ ಪ್ರಕಟವಾದ ನೇರ ಹೋಲಿಕೆಯಲ್ಲಿ, ಮೊದಲೇ ಬೆನ್ನು ಮುರಿದಿದ್ದ ಹೆಂಗಸರ ಪೈಕಿ ಎರಡು ವರ್ಷದಲ್ಲಿ ಹೊಸದಾಗಿ ಬೆನ್ನು ಮುರಿದದ್ದು ರೈಸೆಡ್ರೊನೇಟ್ ತೆಗೆದುಕೊಂಡವರಲ್ಲಿ ಶೇ 12, ಟೆರಿಪ್ಯಾರಟೈಡ್ ತೆಗೆದುಕೊಂಡವರಲ್ಲಿ ಶೇ 5.4. ಖರ್ಚು ನಾಲ್ಕರಲ್ಲಿ ಅತಿ ಹೆಚ್ಚು. ಸ್ಕ್ಲಿರೋಸ್ಟಿನ್ ಹಿಡಿಯುವ ರೊಮೊಸೊಜುಮ್ಯಾಬ್ (ತಿಂಗಳಿಗೊಮ್ಮೆ, 12 ತಿಂಗಳು) ಇದೇ ಸಾಲಿನ ಹೊಸ ಔಷಧ. ಈಚೆಗೆ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಸಲ್ಲದು.

ಯಾವುದರ ಹಿಂದೆ ಯಾವುದು

ಇದನ್ನು ಶುರುವಿನಲ್ಲೇ ಬರೆದಿಟ್ಟುಕೊಳ್ಳಬೇಕು. ಕಟ್ಟಿಸುವ ಔಷಧ ಮೊದಲು, ತಡೆಯುವುದು ಆಮೇಲೆ. ಟೆರಿಪ್ಯಾರಟೈಡ್ ಮುಗಿದ ಕೂಡಲೇ ಡ್ರಿಪ್ಪೋ ಮಾತ್ರೆಯೋ ಬೀಳದಿದ್ದರೆ ಎರಡು ವರ್ಷ ದುಡ್ಡು ಸುರಿದು ಕಟ್ಟಿದ್ದು ಇಳಿದುಹೋಗುತ್ತದೆ. ಡೆನೊಸುಮ್ಯಾಬ್ ಬಿಡಿಸಿ ಟೆರಿಪ್ಯಾರಟೈಡ್‌ಗೆ ಹಾಕುವುದು ತಿರುಗುಮುರುಗು ದಾರಿ, ಸೊಂಟದ ಸಾಂದ್ರತೆ ಇಳಿಯುತ್ತದೆ. ಡೆನೊಸುಮ್ಯಾಬ್ ಬಿಡಲೇಬೇಕಾದರೆ ಮುಂದಿನ ಡೋಸ್‌ನ ತಾರೀಕಿಗೇ ಜೊಲೆಡ್ರೊನಿಕ್ ಡ್ರಿಪ್ ಅಥವಾ ವಾರದ ಮಾತ್ರೆ ಶುರುವಾಗಬೇಕು.

ಮಾತ್ರೆಯಾದರೆ 5 ವರ್ಷ, ಡ್ರಿಪ್ಪಾದರೆ 3 ವರ್ಷ ಆದಮೇಲೆ ಕೂತು ಲೆಕ್ಕ ಹಾಕಿ. ಹೊಸ ಮುರಿತವಿಲ್ಲ, ಸೊಂಟದ ಟಿ-ಸ್ಕೋರ್ −2.5ಕ್ಕಿಂತ ಮೇಲಿದೆ ಎಂದರೆ ಔಷಧಕ್ಕೆ ಬಿಡುವು ಕೊಡಬಹುದು. ಬಿಡುವಿಗೆ ಕಾರಣ: ಒಡೆಯುವುದನ್ನು ಬಹಳ ವರ್ಷ ತಡೆದರೆ ಹಳೆಯ ಮೂಳೆಯ ಬಿರುಕುಗಳ ರಿಪೇರಿಯೂ ನಿಲ್ಲುತ್ತದೆ, ತೊಡೆಮೂಳೆ ನಡುವೆ ಸೀಮೆಸುಣ್ಣದಂತೆ ಅಡ್ಡಕ್ಕೆ ಮುರಿಯುವ ಸಂಭವ ಬರುತ್ತದೆ. ಎಂಟು ವರ್ಷ ದಾಟಿದವರಲ್ಲಿ ವರ್ಷಕ್ಕೆ ಲಕ್ಷಕ್ಕೆ ನೂರರ ಆಸುಪಾಸು. ಔಷಧ ತಪ್ಪಿಸುವ ಮುರಿತಗಳ ಮುಂದೆ ಇದು ಸಣ್ಣದು. ಆದರೆ ಮುರಿಯುವ ವಾರಗಳ ಮೊದಲೇ ತೊಡೆಯಲ್ಲಿ ಅಥವಾ ತೊಡೆಸಂದಿನಲ್ಲಿ ಮಂದ ನೋವು ಶುರುವಾಗಿರುತ್ತದೆ. ಅದನ್ನು ಸಯಾಟಿಕ ಎಂದು ಎಣ್ಣೆ ತಿಕ್ಕಿ ಕೂರದೆ ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ. ಡೆನೊಸುಮ್ಯಾಬ್‌ಗೆ ಬಿಡುವು ಎಂಬುದೇ ಇಲ್ಲ.

ನಮ್ಮ ಆಯ್ಕೆ ಹೇಳುವುದಾದರೆ: ಅರವತ್ತೈದರ, ಮುರಿತವಿಲ್ಲದ, ಹೊಟ್ಟೆ ಗಟ್ಟಿಯಿರುವವರಿಗೆ ವಾರದ ಮಾತ್ರೆ. ಏಳೆಂಟು ಬಗೆಯ ಮಾತ್ರೆ ಮೊದಲೇ ನುಂಗುತ್ತಿರುವವರಿಗೆ, ಒಬ್ಬರೇ ಇರುವವರಿಗೆ, ಸೊಂಟ ಮುರಿದವರಿಗೆ ಡ್ರಿಪ್. ಕಿಡ್ನಿ ಕುಗ್ಗಿದ್ದು, ತಾರೀಕು ತಪ್ಪದಂತೆ ನೋಡಿಕೊಳ್ಳುವ ಮಕ್ಕಳು ಊರಲ್ಲೇ ಇದ್ದರೆ ಡೆನೊಸುಮ್ಯಾಬ್. ಬೆನ್ನು ಕುಸಿದಿದ್ದು ಖರ್ಚು ತೂಗಿಸಲಾದರೆ ಮೊದಲು ಟೆರಿಪ್ಯಾರಟೈಡ್, ಅದರ ಹಿಂದೆಯೇ ಡ್ರಿಪ್. ಐವತ್ತರಲ್ಲಿದ್ದು, ಮುಟ್ಟು ನಿಂತು ಹತ್ತು ವರ್ಷದೊಳಗಿದ್ದು, ಮೈ ಬಿಸಿಯೇರುವ ತೊಂದರೆಯೂ ಇರುವವರು ಹಾರ್ಮೋನ್ ಚಿಕಿತ್ಸೆಯ ಬಗ್ಗೆ ಸ್ತ್ರೀರೋಗ ತಜ್ಞರನ್ನು ಕೇಳಬಹುದು.

ಕ್ಯಾಲ್ಸಿಯಂ: ತಟ್ಟೆಯದೋ, ಡಬ್ಬಿಯದೋ

ದಿನಕ್ಕೆ 1,000 ಮಿ.ಗ್ರಾಂ., ಮುಟ್ಟು ನಿಂತವರಿಗೆ 1,200. ಇದು ಐಸಿಎಂಆರ್ 2020ರಲ್ಲಿ ಹೇಳಿದ ಲೆಕ್ಕ. 100 ಗ್ರಾಂ ಹಿಟ್ಟಿನ ರಾಗಿ ಮುದ್ದೆಯಲ್ಲಿ 360, ಕಾಲು ಲೀಟರ್ ಹಾಲಿನಲ್ಲಿ 300, ಒಂದು ಬಟ್ಟಲು ಮೊಸರಿನಲ್ಲಿ 150, ಒಂದು ದೊಡ್ಡ ಚಮಚ ಸಿಪ್ಪೆಯಿರುವ ಎಳ್ಳಿನಲ್ಲಿ ನೂರರ ಮೇಲೆ. ಸಾವಿರದ ಹತ್ತಿರ ಬಂತು. ರಾಗಿಯ ಫೈಟೇಟ್ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೊಳಕೆ ಕಟ್ಟಿದ ರಾಗಿಯಾದರೆ ಆ ತೊಂದರೆ ಕಡಿಮೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲಿರುವ ಆಕ್ಸಲೇಟ್ ಮೈಗೆ ಹತ್ತಲು ಬಿಡುವುದಿಲ್ಲ. ಕರಾವಳಿಯ ಅನ್ನದ ಊಟದಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಅಲ್ಲಿ ಆ ಕೊರತೆ ತುಂಬುತ್ತದೆ.

ಊಟದಲ್ಲಿ ಕಡಿಮೆ ಬಿದ್ದಷ್ಟಕ್ಕೆ ಮಾತ್ರ ಮಾತ್ರೆ. ಡಬ್ಬಿಯ ಮೇಲೆ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ.’ ಎಂದಿದ್ದರೆ ಒಳಗಿರುವ ಕ್ಯಾಲ್ಸಿಯಂ 500. ಸಿಟ್ರೇಟ್ 1,000 ಎಂದಿದ್ದರೆ 210 ಮಾತ್ರ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆ. ವರ್ಷಗಟ್ಟಲೆ ಬೆಳಿಗ್ಗೆ ‘ಗ್ಯಾಸ್ ಮಾತ್ರೆ’ ನುಂಗುವವರಿಗೆ ಸಿಟ್ರೇಟ್ ಮೇಲು. ಒಂದು ಸಲಕ್ಕೆ 500ಕ್ಕಿಂತ ಹೆಚ್ಚು ಬೇಡ. ಥೈರಾಯ್ಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ.

ವಿಟಮಿನ್ ಡಿ ಸ್ಯಾಷೆ 60,000 ಯೂನಿಟ್: ಕೊರತೆಯಿದ್ದವರಿಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ, ಆಮೇಲೆ ತಿಂಗಳಿಗೊಂದು. ಹಾಲಿನಲ್ಲೋ ಊಟದ ನಂತರವೋ. ವಾರಕ್ಕೊಂದನ್ನು ದಿನಕ್ಕೊಂದು ಎಂದುಕೊಂಡು ತಿಂಗಳುಗಟ್ಟಲೆ ಕುಡಿದು, ವಾಂತಿ, ಮಲಬದ್ಧತೆ, ಬಾಯಾರಿಕೆ, ಮಂಕು ಹಿಡಿದು ಆಸ್ಪತ್ರೆ ಸೇರುವುದುಂಟು. ಸ್ಯಾಷೆಯ ಮೇಲೆ ವಾರದ ಹೆಸರನ್ನು ಪೆನ್ನಿನಲ್ಲಿ ಬರೆದಿಡಿ. ‘ವರ್ಷಕ್ಕೊಂದೇ ದೊಡ್ಡ ಡೋಸ್’ ಎಂಬುದೂ ಬೇಡ: ವರ್ಷಕ್ಕೊಮ್ಮೆ 5 ಲಕ್ಷ ಯೂನಿಟ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ (2010) ಬೀಳುವುದು ಶೇ 15, ಮುರಿತ ಶೇ 26 ಹೆಚ್ಚಾಯಿತು.

ವಾಕಿಂಗೋ, ಭಾರವೋ

ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಮೂಳೆಗೆ ಅದೊಂದೇ ಸಾಲದು. ದಿನವೂ ಬೀಳುವ ಅದೇ ಭಾರಕ್ಕೆ ಆಸ್ಟಿಯೋಸೈಟ್‌ಗಳು ಒಗ್ಗಿಹೋಗಿರುತ್ತವೆ. ಭಾರ ಬೇರೆಯಾಗಬೇಕು, ಹೆಚ್ಚಾಗಬೇಕು. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆ ಕುಗ್ಗಿದ ಹೆಂಗಸರಿಗೆ ವಾರಕ್ಕೆ ಎರಡು ದಿನ, ಅರ್ಧ ಗಂಟೆ, ತರಬೇತುದಾರರ ಕಣ್ಣೆದುರು, ಎತ್ತಬಲ್ಲ ಗರಿಷ್ಠ ಭಾರದ ಶೇ 80ಕ್ಕೂ ಹೆಚ್ಚಿನದನ್ನು ಐದೈದು ಸಲದ ಐದು ಸುತ್ತಿನಂತೆ ಎತ್ತಿಸಿದರು. ಎಂಟು ತಿಂಗಳಲ್ಲಿ ಬೆನ್ನಿನ ಸಾಂದ್ರತೆ ಶೇ 2.9 ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದವರದು ಶೇ 1.2 ಇಳಿಯಿತು. ಇದನ್ನು ನೋಡಿ ನಾಳೆಯೇ ಮನೆಯಲ್ಲಿ ಸಿಲಿಂಡರ್ ಎತ್ತಬೇಡಿ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಒಂದು ಕೈಯಲ್ಲಿ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು, ಹಿಮ್ಮಡಿ ಎತ್ತಿ ಧಪ್ಪನೆ ಇಳಿಸುವುದು: ಮೊದಲ ತಿಂಗಳಿಗೆ ಇಷ್ಟು ಸಾಕು, ಮುಂದಿನದು ಫಿಸಿಯೋಥೆರಪಿಸ್ಟ್ ಹೇಳಿದಂತೆ.

ಬೆನ್ನುಮೂಳೆ ಈಗಾಗಲೇ ಕುಸಿದಿದ್ದರೆ ಮುಂದಕ್ಕೆ ಬಾಗುವ ಯಾವ ಆಸನವೂ ಬೇಡ. ಪಶ್ಚಿಮೋತ್ತಾನಾಸನ, ಪಾದಹಸ್ತಾಸನ, ಅವಸರದ ಸೂರ್ಯನಮಸ್ಕಾರ, ಎಲ್ಲವೂ ಮೂಳೆಯ ಮುಂಭಾಗವನ್ನೇ ಅಮುಕುತ್ತವೆ. ರಂಗೋಲಿ ಹಾಕುವಾಗ, ತುಂಬಿದ ಬಕೆಟ್ ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಿಸಿ. ಮಂಡಿ ನೋವಿದ್ದರೆ ಬಕೆಟ್ಟನ್ನು ಅರ್ಧವೇ ತುಂಬಿಸಿ, ಅಥವಾ ಒಂದು ಸ್ಟೂಲಿನ ಮೇಲಿಟ್ಟೇ ನಲ್ಲಿ ತಿರುಗಿಸಿ.